ಕರ್ನಲ್ ಅಪ್‌ಡೇಟ್ ಆದ ಮೇಲೆ ಕಂಪ್ಯೂಟರ್ ಏಳದಿದ್ದರೆ: ಮಾಡಬೇಕಾದ್ದು, ಮಾಡಬಾರದ್ದು

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಶಾಲೆ, ಗ್ರಂಥಾಲಯ, ಡಿಟಿಪಿ ಅಂಗಡಿಗಳಲ್ಲಿ ಉಬುಂಟು ಹಾಕಿಕೊಂಡವರೆಲ್ಲರಿಗೂ. ಈ ಹಾಳೆಯನ್ನು ಕಂಪ್ಯೂಟರ್ ಪಕ್ಕದ ಗೋಡೆಗೆ ಅಂಟಿಸಿ. ಬೀರುವಿನಲ್ಲಿಟ್ಟು ಬೀಗ ಹಾಕಬಾರದು.

ಫಾರ್ಮ್ಯಾಟ್ ಮಾಡಬಾರದು. ಇದು ಮೊದಲನೆಯದು, ಉಳಿದದ್ದೆಲ್ಲ ಆಮೇಲೆ. ಕರ್ನಲ್ ಎಂದರೆ ಉಬುಂಟುವಿನ ತಿರುಳು, ಅದು ಕೆಟ್ಟರೆ ನಿಮ್ಮ ಕಡತ ಕೆಡುವುದಿಲ್ಲ. ಅಂಕಪಟ್ಟಿ, ಲಗ್ನಪತ್ರಿಕೆ, ಪಹಣಿ ಅರ್ಜಿ ಎಲ್ಲ ಡಿಸ್ಕಿನಲ್ಲಿ ಇದ್ದ ಕಡೆಯೇ ಇರುತ್ತವೆ. ಅವನ್ನು ಅಳಿಸುವುದು ಗಾಬರಿಯಲ್ಲಿ ಪೆನ್‌ಡ್ರೈವ್ ಚುಚ್ಚಿದ ಕೈ.

"ನಾವು ಅಪ್‌ಡೇಟ್ ಮಾಡೇ ಇಲ್ಲ ಸಾರ್" ಎನ್ನಬಾರದು. ನೀವು ಮಾಡಿರಲಿಕ್ಕಿಲ್ಲ, ಅದೇ ಮಾಡಿಕೊಂಡಿರುತ್ತದೆ. ಉಬುಂಟು ಭದ್ರತೆಯ ಅಪ್‌ಡೇಟ್‌ಗಳನ್ನು ಯಾರನ್ನೂ ಕೇಳದೆ ಹಾಕಿಕೊಳ್ಳುತ್ತದೆ, ಕರ್ನಲ್ಲೂ ಅದರಲ್ಲಿ ಸೇರಿದೆ. ಅದಕ್ಕೆ ಗೊತ್ತುಮಾಡಿದ ಹೊತ್ತು ಬೆಳಗಿನ ಆರು ಗಂಟೆಯ ಆಸುಪಾಸು. ಆಗ ಯಂತ್ರ ಆರಿದ್ದರೆ ಮುಂದೆ ಆನ್ ಮಾಡಿದಾಗ ಶುರುವಾಗುತ್ತದೆ. ವಾರಕ್ಕೊಮ್ಮೆ ತೆಗೆಯುವ ಲ್ಯಾಬಿನಲ್ಲಿ ವಾರದ ಬಾಕಿಯೆಲ್ಲ ಒಟ್ಟಿಗೆ ಇಳಿಯುತ್ತಿರುತ್ತದೆ, ಮಕ್ಕಳು ಚಿತ್ರ ಬಿಡಿಸುತ್ತಿರುತ್ತಾರೆ, ಗಂಟೆ ಹೊಡೆಯುತ್ತದೆ, ಯಾರೋ ಮೇನ್ ಸ್ವಿಚ್ ಇಳಿಸುತ್ತಾರೆ. ಹೊಸ ಕರ್ನಲ್ ಅರ್ಧ ಬರೆದಲ್ಲಿಗೇ ನಿಲ್ಲುತ್ತದೆ. ಅದರ ಫಲ ಕಾಣುವುದು ಮುಂದಿನ ವಾರ, ಬೇರೆ ಮೇಷ್ಟ್ರ ಪಾಳಿಯಲ್ಲಿ. ಬೈಗುಳವೂ ಅವರಿಗೇ.

ಆದ್ದರಿಂದ ಮೇನ್ ಸ್ವಿಚ್ ಮುಟ್ಟಬಾರದು. ಮೆನುವಿನಿಂದ ಶಟ್‌ಡೌನ್ ಕೊಡಿ. ಅಪ್‌ಡೇಟ್ ನಡೆದಿದ್ದರೆ ಅದು ಮುಗಿಯಲು ಹೊತ್ತು ತೆಗೆದುಕೊಳ್ಳುತ್ತದೆ. ಸಿಪಿಯು ದೀಪ ಆರುವ ತನಕ ಕಾಯಿರಿ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಬದಲಾಯಿಸಿ. ಪೀಂಪೀಂ ಎನ್ನುವ ಖಾಲಿ ಡಬ್ಬಿಯಿಂದ ಮುಂಗಾರು ಮುಂಚಿನ ಗಾಳಿಮಳೆ ಕಾಲ ಕಳೆಯುವುದಿಲ್ಲ.

ಇನ್ನು, ಏಳದೇ ಹೋದ ಯಂತ್ರ. ಕಡೂರಿನಿಂದ ಹೊರಟ ಗಾಡಿ ಬೀರೂರು ಜಂಕ್ಷನ್ನಿನಲ್ಲಿ ಒಂದು ಹಳಿ ಹಿಡಿದರೆ ತರೀಕೆರೆ, ಶಿವಮೊಗ್ಗ. ಇನ್ನೊಂದು ಹಿಡಿದರೆ ಅಜ್ಜಂಪುರ, ಹುಬ್ಬಳ್ಳಿ. ಕಂಪ್ಯೂಟರಿನ ಬೀರೂರಿಗೆ ಗ್ರಬ್ ಎಂದು ಹೆಸರು. ಹೊಸ ಕರ್ನಲ್ ಬಂದರೂ ಉಬುಂಟು ಹಳೆಯದೊಂದನ್ನು ಉಳಿಸಿಕೊಂಡಿರುತ್ತದೆ, ಆ ಹಳಿಗೆ ತಿರುಗಿಸುವುದು ನಿಮ್ಮ ಕೆಲಸ. ಆನ್ ಮಾಡಿ ಕಂಪನಿಯ ಲಾಂಛನ ಹೋದ ಕೂಡಲೇ ಎಸ್ಕೇಪ್ ಕೀ ಒಂದು ಸಲ ಒತ್ತಿ. ಹಳೆ ಮಾದರಿಯಾದರೆ ಶಿಫ್ಟ್ ಹಿಡಿದುಕೊಳ್ಳಿ. ಎಸ್ಕೇಪನ್ನು ಟಕಟಕ ಒತ್ತಬಾರದು, ಬರೀ ಗ್ರಬ್ ಎಂದು ಬರೆದ ಖಾಲಿ ಪರದೆಗೆ ಬೀಳುತ್ತೀರಿ. ಬಿದ್ದರೆ ನಾರ್ಮಲ್ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಕೊಡಿ. ಮೆನು ಬಂದ ಮೇಲೆ ಅಡ್ವಾನ್ಸ್‌ಡ್ ಆಪ್ಷನ್ಸ್‌ಗೆ ಹೋಗಿ, ಅಲ್ಲಿ ಸಣ್ಣ ನಂಬರಿನ ಕರ್ನಲ್ ಆರಿಸಿ. ರಿಕವರಿ ಎಂದಿರುವುದು ಬೇಡ. ಎದ್ದರೆ ಯಂತ್ರ ಸರಿಯಿದೆ, ಹೊಸ ಕರ್ನಲ್ ಮಾತ್ರ ಅರೆಬೆಂದಿದೆ.

ಎದ್ದಿತೆಂದು ಹಾಗೇ ಬಿಡಬಾರದು. ಟರ್ಮಿನಲ್ ತೆರೆದು ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಡಿಪಿಕೆಜಿಯ ಕಾನ್ಫಿಗರ್ ಆಜ್ಞೆಯಿಂದ ಪೂರ್ತಿ ಮಾಡಿ. ಆಮೇಲೆ ಹೊಸ ಕರ್ನಲ್ಲಿಗೆ ಬೂಟ್ ಹೊತ್ತಿನ ಬುತ್ತಿಯಾದ ಇನಿಟ್‌ರಾಮ್‌ಎಫ್‌ಎಸ್ ಕಟ್ಟಿಸಿ, ಕೊನೆಗೆ ಅಪ್‌ಡೇಟ್-ಗ್ರಬ್. ಕ್ಯಾಪ್ಸ್ ಲಾಕ್ ದೀಪ ಮಿನುಗುತ್ತಾ ಪರದೆಯಲ್ಲಿ "ಅನೇಬಲ್ ಟು ಮೌಂಟ್ ರೂಟ್" ಎಂದು ನಿಂತಿತ್ತಾದರೆ, ಬಹುಮಟ್ಟಿಗೆ ಕಟ್ಟದೆ ಉಳಿದದ್ದು ಈ ಇನಿಟ್‌ರಾಮ್‌ಎಫ್‌ಎಸ್ಸೇ.

ಬೂಟ್ ಫೋಲ್ಡರಿನ ಫೈಲುಗಳನ್ನು ಕೈಯಿಂದ ಅಳಿಸಬಾರದು. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿಸಿದ ಯಂತ್ರಗಳಲ್ಲಿ ಬೂಟ್ ವಿಭಾಗ ಪ್ರತ್ಯೇಕ ಮತ್ತು ಚಿಕ್ಕದು, ಅದು ತುಂಬಿದರೂ ಹೊಸ ಕರ್ನಲ್ ಅರ್ಧಕ್ಕೇ ನಿಲ್ಲುತ್ತದೆ. ಜಾಗ ಮಾಡಲು ಆಟೋರಿಮೂವ್ ಇದೆ. ಅದಕ್ಕೆ ಯಾವುದು ಇರಬೇಕು, ಯಾವುದು ಹೋಗಬೇಕು ಎಂಬುದು ಗೊತ್ತು.

ಹಳೆ ಕರ್ನಲ್ಲೂ ಏಳದಿದ್ದರೆ ಕರ್ನಲ್ಲನ್ನು ಬೈಯಬಾರದು. ಆವರಣ ಚಿಹ್ನೆಯೊಳಗೆ ಇನಿಟ್‌ರಾಮ್‌ಎಫ್‌ಎಸ್ ಎಂದು ಬಂದು ಕರ್ಸರ್ ನಿಂತರೆ ಎಕ್ಸಿಟ್ ಎಂದು ಬರೆಯಿರಿ, ಯಾವ ಡಿಸ್ಕ್ ಭಾಗ ಕೆಟ್ಟಿದೆ ಎಂದು ಅದೇ ಸಾಮಾನ್ಯವಾಗಿ ಹೇಳುತ್ತದೆ. ಆ ಭಾಗಕ್ಕೆ ಡಿಸ್ಕ್ ತಪಾಸಣೆಯ ಎಫ್‌ಎಸ್‌ಸಿಕೆ ಆಜ್ಞೆ ಓಡಿಸಿ. ಇದೂ ಹೆಚ್ಚಾಗಿ ಮೇನ್ ಸ್ವಿಚ್ಚಿನ ಕೊಡುಗೆ. ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಎಫ್1 ಒತ್ತು ಎನ್ನುತ್ತಿದ್ದರೆ ಮದರ್‌ಬೋರ್ಡಿನ ಗುಂಡಗಿನ ಸಿಆರ್2032 ಸೆಲ್ ಸತ್ತಿದೆ. ಬಯಾಸ್ ಎಲ್ಲ ಮರೆತು ಬೂಟ್ ಕ್ರಮ, ಡಿಸ್ಕಿನ ರೀತಿ ಎರಡನ್ನೂ ಬದಲಿಸಿಕೊಂಡಿರಬಹುದು. ವಾಚ್ ಅಂಗಡಿಯಲ್ಲಿ ಸಿಗುವ ಸೆಲ್ಲಿಗಾಗಿ ಓಎಸ್ ಬದಲಿಸಿದವರನ್ನು ನೋಡಿದ್ದೇನೆ.

ಉಬುಂಟುವನ್ನೇ ಬೈದು ವಿಂಡೋಸಿಗೆ ಓಡಬಾರದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಕೆಟ್ಟ ಫೈಲಿಗೆ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಕೈಯಿಂದಲೇ ನಡೆಯಿತು. ಅಲ್ಲಿಯ ಮದ್ದೂ ಇದೇ ಜಾತಿಯದು: ಸೇಫ್ ಮೋಡಿನಲ್ಲಿ ಎಬ್ಬಿಸು, ಆ ಒಂದು ಫೈಲ್ ಅಳಿಸು.

ಎದ್ದರೂ ಪರದೆ ಕಪ್ಪಾಗಿದ್ದರೆ, ವೈಫೈ ಮಾಯವಾಗಿದ್ದರೆ, ಬಹುಮಟ್ಟಿಗೆ ಹೊಸ ಕರ್ನಲ್ಲಿಗೆ ಎನ್‌ವಿಡಿಯಾ ಅಥವಾ ಬ್ರಾಡ್‌ಕಾಮ್ ಡ್ರೈವರ್ ಕಟ್ಟಿಲ್ಲ. ಹಳೆ ಕರ್ನಲ್ಲಿನಲ್ಲೇ ಕೆಲಸ ಮುಂದುವರಿಸಿ, ಡ್ರೈವರ್ ಮತ್ತೆ ಹಾಕಿಸಿ.

ಇಷ್ಟಾದರೂ ಆಗದಿದ್ದರೆ ಫೋನ್ ಮಾಡಿ. ಫೋಟೊ ಇಲ್ಲದೆ ಮಾಡಬಾರದು. "ಏನೋ ಇಂಗ್ಲಿಷಲ್ಲಿ ಬಂತು, ಹೋಯ್ತು" ಎಂಬುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಫ್ಲ್ಯಾಶ್ ಆರಿಸಿ, ಪರದೆಯ ಕೊನೆಯ ಸಾಲುಗಳು ಓದುವಂತೆ ತೆಗೆದು ಕಳಿಸಿ. ಕಳಿಸಿದ ಮೇಲೆ ನಾನು ಹೇಳುವವರೆಗೆ ಯಂತ್ರ ಆರಿಸಬಾರದು.