ಏಕಾತ್ಮಕ ಸರ್ಕಾರ ಮತ್ತು ಸಂಯುಕ್ತ ಸರ್ಕಾರ: ವ್ಯತ್ಯಾಸ ಏನು?



ಸಮಾಜ ಪರೀಕ್ಷೆಗೆ ಈ ಪ್ರಶ್ನೆ ಬಂದೇ ಬರುತ್ತದೆ. ಎಲ್ಲರೂ ಬಾಯಿಪಾಠ ಮಾಡಿ ಬರೆಯುತ್ತೇವೆ. ಆದರೆ ಇದು ನಮ್ಮ ತೋಟದ ನೀರಿನ ಪ್ರಶ್ನೆಯೂ ಹೌದು. ಹೇಗೆ ಅಂತ ನೋಡೋಣ.

ಏಕಾತ್ಮಕ ಸರ್ಕಾರ: ಎಲ್ಲಾ ಅಧಿಕಾರ ಒಂದೇ ಸರ್ಕಾರದ ಕೈಲಿ. ಅಜ್ಜನೇ ಯಜಮಾನ ಆಗಿರುವ ಕೂಡು ಕುಟುಂಬ ಇದ್ದ ಹಾಗೆ. ಅಜ್ಜ ಮಕ್ಕಳಿಗೆ ಒಂದೊಂದು ಕೆಲಸ ವಹಿಸುತ್ತಾನೆ, ಬೇಡ ಅನ್ನಿಸಿದರೆ ವಾಪಸ್ ತಗೊಳ್ತಾನೆ. ಉದಾ: ಶ್ರೀಲಂಕಾ, ಫ್ರಾನ್ಸ್, ಜಪಾನ್.

ಸಂಯುಕ್ತ ಸರ್ಕಾರ: ಇಲ್ಲಿ ಎರಡು ಸರ್ಕಾರ. ಅಣ್ಣತಮ್ಮಂದಿರು ವಿಭಾಗ ಪತ್ರ ಬರೆಸಿಕೊಂಡ ಹಾಗೆ. ಅಣ್ಣ ತನ್ನಿಷ್ಟಕ್ಕೆ ತಮ್ಮನ ಹೊಲ ಉಳುವಂತಿಲ್ಲ. ಸಂವಿಧಾನವೇ ಆ ಪತ್ರ. ಜಗಳ ಬಂದರೆ ನ್ಯಾಯ ಹೇಳೋದು ಸುಪ್ರೀಂ ಕೋರ್ಟು. ಉದಾ: ಅಮೆರಿಕ, ಆಸ್ಟ್ರೇಲಿಯಾ.

ನಮ್ಮ ಸಂವಿಧಾನದ 7ನೇ ಅನುಸೂಚಿಯಲ್ಲಿ 3 ಪಟ್ಟಿಗಳಿವೆ.
1) ಕೇಂದ್ರ ಪಟ್ಟಿ: ರಕ್ಷಣೆ, ರೈಲ್ವೆ, ನೋಟು ನಾಣ್ಯ.
2) ರಾಜ್ಯ ಪಟ್ಟಿ: ಪೊಲೀಸ್, ಕೃಷಿ, ನೀರಾವರಿ.
3) ಸಮವರ್ತಿ ಪಟ್ಟಿ: ಶಿಕ್ಷಣ, ಅರಣ್ಯ. ಇದು ಜಂಟಿ ಬಾವಿ ಇದ್ದ ಹಾಗೆ, ಇಬ್ಬರಿಗೂ ಹಕ್ಕು.

ನಮ್ಮ ಜಿಲ್ಲೆಯ ಉದಾಹರಣೆ: ಹಿರಿಯೂರಿನ ವಾಣಿ ವಿಲಾಸ ಸಾಗರವನ್ನು 1898ರಿಂದ 1907ರವರೆಗೆ ಮೈಸೂರು ಸಂಸ್ಥಾನದವರು ಕಟ್ಟಿಸಿದರು. ಈಗ ಭದ್ರಾ ಮೇಲ್ದಂಡೆ ಯೋಜನೆಗೆ ಎರಡು ಸರ್ಕಾರ ಬೇಕು. ಕಾಲುವೆ ತೋಡಿಸೋದು ರಾಜ್ಯದ ಕೆಲಸ. ಆದರೆ ಭದ್ರೆಯ ನೀರು ಕೃಷ್ಣೆಗೆ ಸೇರಿ ಬೇರೆ ರಾಜ್ಯಕ್ಕೂ ಹೋಗುತ್ತದೆ, ಅದಕ್ಕೇ ಕೇಂದ್ರವೂ ಒಪ್ಪಬೇಕು. 2023ರ ಬಜೆಟ್‌ನಲ್ಲಿ ಕೇಂದ್ರ ಇದಕ್ಕೆ 5,300 ಕೋಟಿ ರೂಪಾಯಿ ಘೋಷಿಸಿತು. ಆ ಹಣ ಬಂದಿಲ್ಲ ಅಂತ 2024ರಲ್ಲಿ ರಾಜ್ಯ ಸರ್ಕಾರ ದೆಹಲಿಗೇ ಹೋಗಿ ಕೇಳಿತು. ಹೊಳಲ್ಕೆರೆ, ಹೊಸದುರ್ಗದ ಕಡೆ ಬೋರ್ ಬತ್ತಿದಾಗ ಅಡಿಕೆ, ತೆಂಗಿಗೆ ಟ್ಯಾಂಕರ್ ನೀರು ಹೊಡೆಸುವವರಿಗೆ ಈ ಕಾಲುವೆ ಎಷ್ಟು ಮುಖ್ಯ ಅಂತ ನಿಮಗೇ ಗೊತ್ತು.

ಜಿಲ್ಲೆಗೆ ಇಂಥ ಹಕ್ಕು ಇಲ್ಲ. 1997ರಲ್ಲಿ ರಾಜ್ಯ ಸರ್ಕಾರ ನಮ್ಮ ಜಿಲ್ಲೆಯಿಂದ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕು ತೆಗೆದು ದಾವಣಗೆರೆ ಜಿಲ್ಲೆಗೆ ಸೇರಿಸಿತು. ಜಿಲ್ಲೆಯ ಮಟ್ಟಿಗೆ ರಾಜ್ಯವೇ ಅಜ್ಜ!

ಹಾಗಾದರೆ ಭಾರತ ಪೂರ್ತಿ ಸಂಯುಕ್ತವೇ? ಅಲ್ಲ. 2014ರಲ್ಲಿ ಪಕ್ಕದ ಆಂಧ್ರದ ವಿಧಾನಸಭೆ ಬೇಡ ಅಂದರೂ ಸಂಸತ್ತು ತೆಲಂಗಾಣ ರಾಜ್ಯ ಮಾಡಿತು. 3ನೇ ವಿಧಿಯಲ್ಲಿ ಸಂಸತ್ತಿಗೆ ಆ ಅಧಿಕಾರ ಇದೆ. ಅದಕ್ಕೇ ನಮ್ಮದನ್ನು ಅರೆ ಸಂಯುಕ್ತ ಅನ್ನುತ್ತಾರೆ.

ನೆನಪಿಡಿ: ಏಕಾತ್ಮಕದಲ್ಲಿ ಕೇಳೋದು ಒಬ್ಬರನ್ನೇ. ಸಂಯುಕ್ತದಲ್ಲಿ ಇಬ್ಬರನ್ನು ಕೇಳಬೇಕು. "ನೀರು ಯಾವಾಗ ಬರುತ್ತೆ?" ಅಂತ ಎಂ.ಎಲ್.ಎ. ಅವರನ್ನೂ ಕೇಳಿ, ಎಂ.ಪಿ. ಅವರನ್ನೂ ಕೇಳಿ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರೆ ಪಟ್ಟಿ ತೆಗೆದು ನೋಡಿ.

ನಿಮಗೊಂದು ಪ್ರಶ್ನೆ: ಅಂಚೆ ಕಚೇರಿ, ಪೊಲೀಸ್ ಠಾಣೆ, ಹಿರಿಯೂರಿನ ರಾಷ್ಟ್ರೀಯ ಹೆದ್ದಾರಿ, ನಮ್ಮ ಶಾಲೆ. ಯಾವುದು ಯಾವ ಪಟ್ಟಿಗೆ ಸೇರುತ್ತದೆ? ಉತ್ತರ ಬರೆದು ಈ ಹಾಳೆಯ ಪಕ್ಕ ಅಂಟಿಸಿ.

– 7ನೇ ತರಗತಿ