ನುಗ್ಗೆ, ಅಶ್ವಗಂಧಕ್ಕೆ ಹಳ್ಳದ ನೀರು ಬೇಡ

ಬೇಸಿಗೆಯಲ್ಲಿ ಬೋರು ಕೈಕೊಟ್ಟರೆ ಬೆಣ್ಣಿಹಳ್ಳಕ್ಕೆ ಪಂಪ್‌ಸೆಟ್ ಇಳಿಯುತ್ತದೆ. ಹುಬ್ಬಳ್ಳಿಯ ಚರಂಡಿ ನೀರು ಹೊತ್ತು ತಂದು ರೋಣ ತಾಲ್ಲೂಕಿನಲ್ಲಿ ಮಲಪ್ರಭೆ ಸೇರುವ ಹಳ್ಳವಿದು. ಆ ನೀರಿಗೆ ಸೊಪ್ಪು ಕಡುಹಸಿರಾಗುವುದು ಸಾರಜನಕದಿಂದ. ಜೊತೆಗೆ ವರ್ಕ್‌ಶಾಪು, ಬ್ಯಾಟರಿ ಅಂಗಡಿಗಳ ಸೀಸ, ಕ್ಯಾಡ್ಮಿಯಂ ಇದ್ದರೆ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ.

ನರಗುಂದಕ್ಕೆ ಹೋಗಲಿ, ಗಜೇಂದ್ರಗಡಕ್ಕೆ ಹೋಗಲಿ, ಒಂದೇ ಮಾತು: "ತೊಳದ್ರ ಹೋಗ್ತೈತ್ರೀ ಸಾಹೇಬ್ರ." ಹೋಗುವುದಿಲ್ಲ! ತೊಳೆದರೆ ಎಲೆ ಮೇಲಿನ ಧೂಳು ಹೋದೀತು. ಬೇರು ಹೀರಿ ಎಲೆಯೊಳಗೆ ಸೇರಿಸಿದ ಕ್ಯಾಡ್ಮಿಯಂ ಹೋಗದು. ಕುದಿಸಿದರೆ ಕಷಾಯಕ್ಕೆ ಇಳಿದೀತು, ಅಷ್ಟೆ. ಒಣಗಿಸಿದರೆ ಇನ್ನೂ ಕೆಟ್ಟದ್ದು. 4-5 ಕಿಲೋ ಹಸಿ ನುಗ್ಗೆ ಸೊಪ್ಪು 1 ಕಿಲೋ ಪುಡಿಯಾಗುವಾಗ ನೀರು ಹಾರುತ್ತದೆ, ಲೋಹ ಪುಡಿಯಲ್ಲೇ ಉಳಿಯುತ್ತದೆ.

ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಕೂತು ಅದನ್ನು ಕೆಡಿಸುತ್ತದೆ. ಸೀಸ ಮಕ್ಕಳ ಬುದ್ಧಿ ಕುಂದಿಸುತ್ತದೆ, ರಕ್ತಹೀನತೆ ತರುತ್ತದೆ. ರಕ್ತ ಹೆಚ್ಚಲೆಂದು ಬಸುರಿಗೆ ಕೊಡುವ ಪುಡಿಯಲ್ಲೇ ಸೀಸವಿದ್ದರೆ?

ಮಾಡಬೇಕಾದ್ದು ಇಷ್ಟು:

• ಹಳ್ಳದ ನೀರು ಉಂಡ ಹೊಲದಲ್ಲಿ ಸೊಪ್ಪು, ಬೇರಿನ ಬೆಳೆ ಬೇಡ, ಹತ್ತಿ ಹಾಕಿ. ಎರೆಮಣ್ಣು ಲೋಹವನ್ನು ಹಿಡಿದಿಡುತ್ತದೆಂದು ಮೈಮರೆಯಬೇಡಿ. ಮಸಾರಿ ಹಿಡಿದಿಡುವುದು ಇನ್ನೂ ಕಡಿಮೆ.

• ಎಕರೆಗೆ 4 ಟನ್ ಕಳಿತ ಕೊಟ್ಟಿಗೆ ಗೊಬ್ಬರ ಕೊಡಿ. ಪಟ್ಟಣದ ಕಸದ ಗೊಬ್ಬರವಾದರೆ ಪರೀಕ್ಷಾ ವರದಿ ಕೇಳಿ: ಕಿಲೋಗೆ ಸೀಸ 100, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು.

• ಮಣ್ಣಿನಲ್ಲಿ ಸತು 0.6 ಪಿಪಿಎಂಗಿಂತ ಕಡಿಮೆಯಿದ್ದರೆ ಎಕರೆಗೆ 10 ಕಿಲೋ ಸತುವಿನ ಸಲ್ಫೇಟ್ ಹಾಕಿ. ಸತು ಕೊರತೆಯಾದ ಬೆಳೆ ಕ್ಯಾಡ್ಮಿಯಂ ಹೆಚ್ಚು ಹೀರುತ್ತದೆ. ಡಿಎಪಿ ಜೊತೆ ಕಲಸಬೇಡಿ. ಎಷ್ಟು ಸಲ ಹೇಳುವುದು!

• ಟಾರ್ ರಸ್ತೆಯಲ್ಲಿ ಸೊಪ್ಪು ಒಣಹಾಕಬೇಡಿ. ಶುದ್ಧ ನೀರಲ್ಲಿ ಎರಡು ಸಲ ತೊಳೆದು ನೆರಳಲ್ಲಿ ಬಲೆಯ ಮೇಲೆ ಹರವಿ.

• ಹೊಲದ 10-15 ಕಡೆ 6 ಇಂಚು ಆಳದ ಮಣ್ಣು ತೆಗೆದು, ಪ್ಲಾಸ್ಟಿಕ್ ಬುಟ್ಟಿಯಲ್ಲಿ ಕಲಸಿ ಅರ್ಧ ಕಿಲೋ ಲೋಹದ ಪರೀಕ್ಷೆಗೆ ಕಳಿಸಿ. ತಗಡಿನ ಬಕೆಟ್ ಬೇಡ.

ಮಣ್ಣು ಆರೋಗ್ಯ ಚೀಟಿ ತೋರಿಸಿ "ಎಲ್ಲಾ ಛಲೋ ಐತಿ" ಅನ್ನಬೇಡಿ. ಅದರ 12 ಅಂಶಗಳಲ್ಲಿ ಸೀಸವಿಲ್ಲ, ಕ್ಯಾಡ್ಮಿಯಂ ಇಲ್ಲ. ಪುಡಿಯನ್ನೇ ಪರೀಕ್ಷೆಗೆ ಕೊಡಿ. ಆಯುರ್ವೇದ ಕಚ್ಚಾವಸ್ತುವಿಗೆ ಮಿತಿ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಪಿಪಿಎಂ. ಮೀರಿದ ಮಾಲನ್ನು ಒಳ್ಳೆಯದರ ಜೊತೆ ಬೆರೆಸಿ ಸಾಗಿಸಬೇಡಿ, ದನಕ್ಕೂ ಹಾಕಬೇಡಿ.