ರಸಸಾರ ನೋಡಿದರೆ ಸಾಲದು, ಅಲ್ಯೂಮಿನಿಯಂ ಅಳೆಸಿ

ಮಲೆನಾಡಿನ ಮನೆಯಂಗಳದಲ್ಲಿ ಹೈಡ್ರೇಂಜಿಯ ನೀಲಿಯಾಗಿ ಅರಳಿದ್ದನ್ನು ಕಂಡಿರುತ್ತೀರಿ. ಆ ನೀಲಿ, ಹುಳಿಮಣ್ಣಿನಲ್ಲಿ ಕರಗಿದ ಅಲ್ಯೂಮಿನಿಯಂ ಕೊಟ್ಟ ಬಣ್ಣ. ಹೂವಿಗೆ ಚೆಲುವು ತರುವ ಇದೇ ಲೋಹ ಮುಸುಕಿನ ಜೋಳದ ಬೇರಿಗೆ ವಿಷ. ಸೊರಗಿದ ಗಿಡವನ್ನು ಮಣ್ಣುಸಮೇತ ಎಬ್ಬಿಸಿ ನೀರಿನಲ್ಲಿ ತೊಳೆದು ನೋಡಿ: ಕೂದಲೆಳೆಯಂಥ ಬೇರುಗಳೇ ಇರುವುದಿಲ್ಲ, ಉಳಿದವು ಮೊಂಡಾಗಿ, ದಪ್ಪಗೆ, ಕಂದುಗಟ್ಟಿರುತ್ತವೆ.

ಜೇಡಿಯ ಕಣದ ರಚನೆಯಲ್ಲೇ ಅಲ್ಯೂಮಿನಿಯಂ ಇದೆ, ಹಾಗಾಗಿ ಒಟ್ಟು ಪ್ರಮಾಣ ಅಳೆದು ಪ್ರಯೋಜನವಿಲ್ಲ. ರಸಸಾರ (ಪಿಎಚ್) 5.5ಕ್ಕಿಂತ ಇಳಿದಾಗ ಕಣದ ಮೈಗೆ ಸಡಿಲವಾಗಿ ಅಂಟಿಕೊಳ್ಳುವ ‘ವಿನಿಮಯ ಅಲ್ಯೂಮಿನಿಯಂ’ ನಮಗೆ ಬೇಕಾದ ಲೆಕ್ಕ. ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಇದು ಇಲ್ಲ. ಪ್ರಯೋಗಾಲಯದಲ್ಲಿ ಹೆಸರು ಹೇಳಿಯೇ ಕೇಳಬೇಕು.

ಸುಣ್ಣ, ಗೊಬ್ಬರ ಹಾಕುವ ಮೊದಲೇ ಮಾದರಿ ತೆಗೆಯಿರಿ. ತರಗೆಲೆ ಸರಿಸಿ, ಹತ್ತಾರು ಕಡೆ 22 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು ಒಟ್ಟುಗೂಡಿಸಿ. ಅದರ ಕೆಳಗಿನ 22 ಸೆಂ.ಮೀ. ಮಣ್ಣನ್ನು ಬೇರೆ ಚೀಲಕ್ಕೆ ಹಾಕಿ. ಇದನ್ನು ಬಿಡಬೇಡಿ, ಎಷ್ಟೋ ಕಡೆ ವಿಷ ಕುಳಿತಿರುವುದು ಅಲ್ಲೇ. ಗದ್ದೆಯಾದರೆ ನೀರು ಬಸಿದು ಒಣಗಿದ ಮೇಲೆ ತೆಗೆಯಿರಿ. ನೀರು ನಿಂತಾಗ ರಸಸಾರ ಏರಿ ಅಲ್ಯೂಮಿನಿಯಂ ಅಡಗಿಬಿಡುತ್ತದೆ. ನೆರಳಲ್ಲಿ ಒಣಗಿಸಿ, 2 ಮಿ.ಮೀ. ಜರಡಿ ಹಿಡಿಯಿರಿ.

ಮುಂದಿನದು ಪ್ರಯೋಗಾಲಯದ ಕೆಲಸ. 10 ಗ್ರಾಂ ಮಣ್ಣಿಗೆ ಲೀಟರಿಗೆ 74.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಕರಗಿಸಿದ ದ್ರಾವಣವನ್ನು ಕಂತುಕಂತಾಗಿ 100 ಮಿ.ಲೀ. ಹಾಯಿಸಿ ಸೋಸುತ್ತಾರೆ. ಪೊಟ್ಯಾಸಿಯಂ ಒಳಹೊಕ್ಕು ಅಲ್ಯೂಮಿನಿಯಂ ಹೊರಬೀಳುತ್ತದೆ. ಸೋಸಿದ ನೀರಿಗೆ ಫಿನಾಲ್ಫ್ಥಲೀನ್ ಹನಿಸಿ, ಗುಲಾಬಿ ಬಣ್ಣ ನಿಲ್ಲುವವರೆಗೆ ಕಾಸ್ಟಿಕ್ ಸೋಡಾ ಬಿಟ್ಟರೆ ಒಟ್ಟು ವಿನಿಮಯ ಆಮ್ಲತೆ ತಿಳಿಯುತ್ತದೆ. ಒಂದು ಹನಿ ಆಮ್ಲದಿಂದ ಆ ಬಣ್ಣ ಅಳಿಸಿ ಸೋಡಿಯಂ ಫ್ಲೋರೈಡ್ ಹಾಕಿದಾಗ, ಅಲ್ಯೂಮಿನಿಯಂ ಇದ್ದರೆ ಗುಲಾಬಿ ಮತ್ತೆ ಚಿಮ್ಮುತ್ತದೆ. ನೋಡಲೇಬೇಕಾದ ಕ್ಷಣವದು! ಆ ಬಣ್ಣ ಪೂರ್ತಿ ಹೋಗಲು ಬೇಕಾದ ಹೈಡ್ರೋಕ್ಲೋರಿಕ್ ಆಮ್ಲವೇ ಅಲ್ಯೂಮಿನಿಯಂನ ಅಳತೆ. 0.05 ನಾರ್ಮಲ್ ಆಮ್ಲ 4 ಮಿ.ಲೀ. ಹಿಡಿದರೆ, ಕಿಲೋ ಮಣ್ಣಿಗೆ 2 ಸೆಂಟಿಮೋಲ್. ಫ್ಲೋರೈಡ್ ವಿಷಕಾರಿ, ಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿ.

ಸಾವಯವ ಅಂಶಕ್ಕೆ ಅಂಟಿದ ಅಲ್ಯೂಮಿನಿಯಂ ಅನ್ನು ಪೈರೋಫಾಸ್ಫೇಟ್‌ನಿಂದ, ಹರಳುಗಟ್ಟದ ಆಕ್ಸೈಡನ್ನು ಕತ್ತಲಲ್ಲಿ ಕುಲುಕಿದ ಆಕ್ಸಲೇಟ್ ದ್ರಾವಣದಿಂದ ಬಿಡಿಸುವುದುಂಟು. ಅದು ಸಂಶೋಧಕರಿಗೆ, ರಂಜಕ ಹಿಡಿದಿಡುವ ಮಣ್ಣಿನ ಗುಣ ಅರಿಯಲಿಕ್ಕೆ.

ವರದಿ ಬಂದಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಸೋಡಿಯಂ ಮತ್ತು ವಿನಿಮಯ ಆಮ್ಲತೆಗಳ ಮೊತ್ತದಲ್ಲಿ ಅಲ್ಯೂಮಿನಿಯಂ ಶೇಕಡ ಎಷ್ಟೆಂದು ನೋಡಿ. ಶೇ 20ರ ಆಸುಪಾಸಿಗೇ ಸೂಕ್ಷ್ಮ ಬೆಳೆಗಳು ಸೊರಗುತ್ತವೆ. ಚಹಾ ಗಿಡಕ್ಕೆ ಅದು ಲೆಕ್ಕಕ್ಕಿಲ್ಲ. ಒಂದೇ ರಸಸಾರದ ಎರಡು ತೋಟಗಳಲ್ಲಿ ಈ ಅಂಕಿ ಬೇರೆಬೇರೆ ಇರಬಹುದು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು. ಅಮೆರಿಕದ ಯುಜೀನ್ ಕ್ಯಾಂಪ್ರತ್ 1970ರಲ್ಲಿ ಪ್ರಕಟಿಸಿದ ಸೂತ್ರದಂತೆ, ಸೆಂಟಿಮೋಲ್ ಲೆಕ್ಕದಲ್ಲಿ ಅಲ್ಯೂಮಿನಿಯಂನ ಒಂದೂವರೆ ಪಟ್ಟು ಸುಣ್ಣ ಸಾಕು. ಮೇಲಿನ 2 ಸೆಂಟಿಮೋಲ್ ಉದಾಹರಣೆಗೆ ಹೆಕ್ಟೇರಿಗೆ ಸುಮಾರು 3 ಟನ್, ಎಂದರೆ ಎಕರೆಗೆ 12 ಕ್ವಿಂಟಲ್ ಸುಣ್ಣದ ಕಲ್ಲಿನ ಪುಡಿ. ಎರಡನೆಯ ಚೀಲದ ಅಂಕಿ ಹೆಚ್ಚಿದ್ದರೆ ಜಿಪ್ಸಂ ಬಗ್ಗೆಯೂ ಕೇಳಿ. ಸುಣ್ಣ ಹಾಕಿದಲ್ಲೇ ಉಳಿಯುತ್ತದೆ, ಜಿಪ್ಸಂ ಮಳೆನೀರಿನೊಂದಿಗೆ ಕೆಳಗಿಳಿಯುತ್ತದೆ.